ಬರಿಗಲ್ಲಿನ ಸಪ್ಪಳ

ಇಂಡಿ
12 ನವೆಂಬರ್ 2025, ಬುಧವಾರ

ಅವ್ವಾ,

ನಾನು ಕೋಮಲ. ನಿನಗೆ ಓದಲು ಬರುವುದಿಲ್ಲ, ಈ ಕಾಗದವನ್ನು ತಂಗಿ ಸುಜಾತಾ ಓದಿ ಹೇಳುತ್ತಾಳೆ. ಸುಜಾತಾ, ಅಪ್ಪ ಹೊಲಕ್ಕೆ ಹೋದ ಮೇಲೆ ಓದು. ಒಂದು ಸಾಲನ್ನೂ ಬಿಡಬೇಡ. ನಡುವೆ ಅವ್ವ "ಸಾಕ್ ಬಿಡ" ಅನ್ನುತ್ತಾಳೆ. ನಿಲ್ಲಿಸಬೇಡ.

ಕಾಗದ ಬರೆಯುವಾಗ ಮೊದಲು ನಾವೆಲ್ಲ ಆರಾಮ ಇದ್ದೇವೆ, ನೀವೂ ಆರಾಮ ಇದ್ದೀರೆಂದು ನಂಬಿದ್ದೇವೆ ಎಂದು ಬರೆಯಬೇಕು. ನಮ್ಮೂರು ತಂಗಡಗಿಯ ಶಾಲೆಯಲ್ಲಿ ನಾನು ಏಳನೆಯ ತರಗತಿಯ ತನಕ ಕಲಿತದ್ದರಲ್ಲಿ ಅದೂ ಒಂದು. ಇವತ್ತು ಅದನ್ನು ಬರೆಯುವುದಿಲ್ಲ. ನಾನೂ ಆರಾಮ ಇಲ್ಲ, ನೀವೂ ಆರಾಮ ಇಲ್ಲ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ ಅವ್ವಾ. ಇಷ್ಟು ಸಿಟ್ಟು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಅಪ್ಪ ಕೇಳುತ್ತಾನೆ, ಕಾಕಾ ಕೇಳುತ್ತಾನೆ, ಕಟ್ಟೆಯ ಮೇಲೆ ಕುಳಿತವರೂ ಕೇಳುತ್ತಾರೆ. ನನಗೆ ನಾಲ್ಕು ಜನರ ಮುಂದೆ ಬಾಯಿ ಏಳುವುದಿಲ್ಲವೆಂದು ನಿನಗೆ ಗೊತ್ತು. ಆದರೂ ಹೋದ ಭಾನುವಾರ ಧೈರ್ಯ ಮಾಡಿ, "ಅವ್ವಾ, ಸುಜಾತಾಗೂ ನನ್ನಂಗ ತಲಿ ನೋಯಾಕತ್ತೈತೇನ?" ಎಂದು ಕೇಳಿದೆ. ನೀನು, "ಹಾಲು ಉಕ್ಕಾಕತ್ತೈತಿ, ಇಡ್ತೇನಿ" ಎಂದು ಇಟ್ಟುಬಿಟ್ಟೆ. ನಿಮ್ಮ ಎಮ್ಮೆ ಬತ್ತಿ ಎಷ್ಟು ದಿನವಾಯಿತು ಅವ್ವಾ? ಮಟಮಟ ಮಧ್ಯಾಹ್ನ ಯಾವ ಹಾಲು ಉಕ್ಕಿತು?

ನಾನು ಯಾಕೆ ಕೇಳಿದೆ ಗೊತ್ತೇ? ಅದಕ್ಕೂ ಮೊದಲು ನಿನ್ನ ಅಳಿಯ ಸುನೀಲಕುಮಾರರ ಫೋನಿನಲ್ಲಿ ವಿಡಿಯೋ ಹಚ್ಚಿದಾಗ ಸುಜಾತಾಳ ಹಿಂದೆ ಕಿಟಕಿ ಕಾಣಿಸಿತು. ಹೊರಗೆ ಬಿಸಿಲು ಸುರಿಯುತ್ತಿತ್ತು, ಒಳಗೆ ಕಿಟಕಿಗೆ ಕೌದಿ ತೂಗುಬಿಟ್ಟಿತ್ತು. ಕೇಳಿದರೆ, "ಒಣಗಾಕ ಹಾಕೇವಿ" ಎಂದೆ. ಒಣಗಿಸುವ ಕೌದಿಯನ್ನು ಯಾರಾದರೂ ಮನೆಯೊಳಗೆ ಮೊಳೆ ಹೊಡೆದು ಹಾಕುತ್ತಾರೆಯೇ? ಸುಜಾತಾ, "ಆರಾಮ ಅದೇನಿ ಅಕ್ಕಾ" ಎಂದಳು. ಒಂದು ಕಣ್ಣು ಸಣ್ಣದಾಗಿತ್ತು. ಆ ಸಣ್ಣ ಕಣ್ಣು ನನಗೆ ಗೊತ್ತು. ಕನ್ನಡಿಯಲ್ಲಿ ನೋಡಿದ್ದೇನೆ.

ಬರುವ ಸೋಮವಾರ ಸಿಂದಗಿಯ ಕಡೆಯವರು ಅವಳನ್ನು ನೋಡಲು ಬರುತ್ತಾರೆ. ಹುಡುಗ ಆಲಮಟ್ಟಿಯಲ್ಲಿ ಕಾಲುವೆಯ ಕೆಲಸದಲ್ಲಿದ್ದಾನೆ, ಭಾರೀ ಚಲೋ ಮಂದಿ ಎಂದು ಅಪ್ಪ ಸಂತೋಷದಿಂದ ಹೇಳಿದ. ಅಪ್ಪ ಫೋನು ನಿನ್ನ ಕೈಗೆ ಕೊಟ್ಟ ಮೇಲೆ ನೀನು ದನಿ ಇಳಿಸಿ ಒಂದು ಮಾತು ಹೇಳಿದೆ. "ನೀ ಏನೂ ಅಂಜಬ್ಯಾಡ. ನಿನಗ ಮಾಡಿದಂಗ ಮಾಡೂನು."

ನಿನಗ ಮಾಡಿದಂಗ. ಈ ಮಾತು ಕೇಳಿದಾಗಿನಿಂದ ನನಗೆ ಅನ್ನ ರುಚಿಸುತ್ತಿಲ್ಲ.

ನನಗೆ ಏನು ಮಾಡಿದಿರೆಂದು ನೆನಪಿದೆಯೇ? ಇಲ್ಲದಿದ್ದರೆ ಸುಜಾತಾಳ ಬಾಯಿಂದಲೇ ಕೇಳು. ಇಂಡಿಯವರು ನನ್ನನ್ನು ನೋಡಲು ಬಂದ ದಿನ ಬೆಳಗಿನಿಂದಲೇ ನನ್ನ ಎಡಗಣ್ಣಿನ ಹಿಂದೆ ಯಾರೋ ಕುಳಿತು ದಬ್ಬಣದಿಂದ ತಿವಿಯುತ್ತಿದ್ದರು. ನೀನು ಹಣೆಗೆ ಕಟ್ಟಿದ ಬಟ್ಟೆ ಬಿಚ್ಚಿಸಿದೆ. ಗುಳಿಗೆ ಮೇಲೆ ಗುಳಿಗೆ ನುಂಗಿಸಿದೆ. ಮಲ್ಲಿಗೆ ದಂಡೆ ಮುಡಿಸಿದೆ. ಆ ವಾಸನೆಗೇ ನೋವು ಇನ್ನೂ ಏರಿತು. ಆಮೇಲೆ ತಂದು ಟ್ಯೂಬ್‌ಲೈಟಿನ ಕೆಳಗೆ ಕೂಡಿಸಿದೆ. ನಾನು ತಲೆ ಎತ್ತಲಿಲ್ಲ. ಎತ್ತಲು ಆಗಲಿಲ್ಲ. ಅವರು ಹೆಸರು ಕೇಳಿದರೆ ನೆಲ ನೋಡಿ ಹೇಳಿದೆ, ಅಡುಗೆ ಬರುತ್ತದೆಯೇ ಎಂದರೆ ನೆಲ ನೋಡಿ ಹೂಂ ಎಂದೆ. ಜೊತೆಗೆ ಬಂದಿದ್ದ ಹಿರಿಯರು ಮೀಸೆ ತಿರುವುತ್ತ, "ನೋಡ್ರಿ, ಹುಡುಗಿ ಕತ್ತ ಎತ್ತವಲ್ಲದು. ಇಂಥಾ ಮರ್ಯಾದಿ ಈಗಿನ ಕಾಲದಾಗ ಎಲ್ಲೈತ್ರಿ?" ಎಂದರು. ಮಾತು ಗಟ್ಟಿ ಮಾಡಿ ಅಲ್ಲೇ ಸಕ್ಕರೆ ಹಂಚಿದರು.

ನನ್ನ ನೋವನ್ನು ಅವರು ನಾಚಿಕೆ ಎಂದುಕೊಂಡರು. ನೀನು ಅಲ್ಲೇ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಅವರ ಗಾಡಿ ಊರು ದಾಟುವ ಮೊದಲೇ ನಾನು ಹಿತ್ತಲಲ್ಲಿ ಕುಳಿತು ವಾಂತಿ ಮಾಡಿಕೊಂಡೆ. ನೀನು ಬೆನ್ನು ಸವರುತ್ತ, "ಪಿತ್ತ, ಪಿತ್ತ. ಎಲ್ಲಾ ಚಲೋ ಆತು ನೋಡ" ಎಂದೆ.

ಯಾರಿಗೆ ಚಲೋ ಆಯಿತು?

ಗಂಡನ ಮನೆಗೆ ಕಳಿಸುವಾಗ ರೊಟ್ಟಿ ಬಡಿಯುವ ಹೊಸ ಕಲ್ಲು ಕೊಟ್ಟೆ, ಕಿವಿಯಲ್ಲಿ ಒಂದು ಮಾತೂ ಕೊಟ್ಟೆ. "ಅಲ್ಲಿ ತಲಿನೋವು ಅನ್ನಬ್ಯಾಡ. ನೀ ಅಂದ್ರ ನಾಳೆ ನಿನ್ನ ತಂಗೀನ್ನ ಯಾರೂ ಮಾಡ್ಕೊಳ್ಳೂದಿಲ್ಲ." ಆಗ ಸುಜಾತಾ ಲಂಗ ಹಾಕಿಕೊಂಡು ಓಡಾಡುವ ಹುಡುಗಿ. ಅವಳ ಮದುವೆಯನ್ನು ನನ್ನ ಬಾಯಿಗೆ ಬೀಗವಾಗಿ ಹಾಕಿ ಕಳಿಸಿದೆ.

ಈಗ ನಾನು ಬಾಳುವ ಓಣಿಯ ಬಗ್ಗೆ ಹೇಳುತ್ತೇನೆ. ಇಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು. ಬೆಳಗಾದರೆ ಒಂದೊಂದು ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಏಳುತ್ತದೆ. ಯಾರ ಮನೆಯಲ್ಲಿ ಸಪ್ಪಳ ಎದ್ದಿದೆ, ಯಾರ ಮನೆಯಲ್ಲಿ ಎದ್ದಿಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ. ಸಪ್ಪಳ ಏಳದ ಮನೆಯ ಬಗ್ಗೆ ನಲ್ಲಿಯ ಹತ್ತಿರ, "ಅವರ ಸೊಸಿ ಇನ್ನಾ ಎದ್ದಿಲ್ಲೇನೋ" ಎಂಬ ಮಾತು ಏಳುತ್ತದೆ. ಅಷ್ಟಾದರೆ ಆ ಮನೆಯ ಮರ್ಯಾದೆ ಹೋದ ಹಾಗೆ.

ಮೊದಲ ವರ್ಷ ನಾನು ಹೇಗೆ ರೊಟ್ಟಿ ಬಡಿದೆನೋ ನನಗೇ ಗೊತ್ತಿಲ್ಲ. ನೋವು ಬಂದ ದಿನ ಒಲೆಯ ಬೆಂಕಿ ಕಣ್ಣಿನೊಳಗೇ ಉರಿಯುತ್ತಿತ್ತು. ರೊಟ್ಟಿಯ ಅಂಚು ಹರಿಯುತ್ತಿತ್ತು, ಹಂಚಿನ ಮೇಲೆ ಕರಕಾಗುತ್ತಿತ್ತು. ಆಮೇಲಾಮೇಲೆ ಏಳಲು ಆಗದೆ ಮಲಗತೊಡಗಿದೆ. ನಮ್ಮ ಅತ್ತೆ ಕಸ್ತೂರೆವ್ವ ಬಾಗಿಲಲ್ಲಿ ನಿಂತು, "ಒಲಿ ಹಚ್ಚೂ ಹೊತ್ತಿಗೇ ಬರ್ತದಲ್ಲ ನಿನ್ನ ತ್ರಾಸು? ಗಡಿಯಾರ ನೋಡ್ಕೊಂಡು ಬರ್ತದೇನ?" ಅನ್ನುತ್ತಿದ್ದರು. ನಾನು ಹೊಟ್ಟೆನೋವು ಅನ್ನುತ್ತಿದ್ದೆ, ಸುಸ್ತು ಅನ್ನುತ್ತಿದ್ದೆ. ತಲೆನೋವು ಎಂಬ ಮಾತೊಂದನ್ನು ಬಿಟ್ಟು ಎಲ್ಲಾ ಹೇಳಿದೆ. ನಮ್ಮವರು ನಿಂಬೆಹಣ್ಣಿನ ಮಾರುಕಟ್ಟೆಯಿಂದ ಬಂದವರೇ, "ಮೊಬೈಲ್ ನೋಡೂದು ಕಮ್ಮಿ ಮಾಡು" ಅನ್ನುತ್ತಿದ್ದರು. ನನ್ನ ಕೈಯಲ್ಲಿ ಮೊಬೈಲೇ ಇರಲಿಲ್ಲ.

ನೋವು ಇದ್ದ ದಿನ ಹಾಗಾದರೆ, ಇಲ್ಲದ ದಿನ ಏನು ಸುಖ ಇತ್ತು ಅಂದುಕೊಂಡೆ? ಬಾಗೇವಾಡಿಯಲ್ಲಿ ನಮ್ಮ ಅತ್ತೆಯ ತಂಗಿಯ ಮಗಳ ಮದುವೆ ಇತ್ತು. ಹೊಸ ಸೀರೆ, ಎಲ್ಲರೂ ನಗುತ್ತ ಬಸ್ಸು ಹತ್ತಿದರು. ನನಗೆ ಆ ದಿನ ನೋವೇ ಇರಲಿಲ್ಲ. ಆದರೆ ದಾರಿಯುದ್ದಕ್ಕೂ, ಅಲ್ಲಿ ಧ್ವನಿವರ್ಧಕ ಇರುತ್ತದೆ, ಬರುತ್ತದೇನೋ, ಎಲ್ಲರ ಮುಂದೆ ವಾಂತಿ ಆಗುತ್ತದೇನೋ ಎಂದು ಎಣಿಸತೊಡಗಿದವಳು ಮನಗೂಳಿ ದಾಟಿದರೂ ಎಣಿಸುತ್ತಲೇ ಇದ್ದೆ. ಮದುವೆಯಲ್ಲಿ ಮೂಲೆಯಲ್ಲಿ ಕುಳಿತೆ. ಯಾರೋ ಚೇಷ್ಟೆ ಮಾಡಿದರೆ ನಗಲಿಲ್ಲ, ಜೋರಾಗಿ ನಕ್ಕರೆ ಬರುತ್ತದೇನೋ ಎಂದು. "ಸೊಕ್ಕಿನಾಕಿ" ಎಂದು ಯಾರೋ ಅಂದದ್ದು ಕೇಳಿಸಿತು. ಪಕ್ಕದ ಮನೆಯ ಶಮ್ಶುನ್ನೀಸಾ ಅಕ್ಕ ಹೊಲಿಗೆ ಕಲಿಸುತ್ತೇನೆ ಬಾ ಎಂದು ಕರೆದರು. ಎರಡು ದಿನ ಹೋಗಿ ಬಿಟ್ಟೆ. ಮೂರನೆಯ ದಿನ ಬಂದುಬಿಟ್ಟರೆ ಎಂಬ ಅಂಜಿಕೆ. ಬಾರದ ನೋವಿಗೆ ಅಂಜಿ ಅಂಜಿ ನಾನು ಒಂದೊಂದೇ ಬಾಗಿಲು ಮುಚ್ಚಿಕೊಂಡೆ ಅವ್ವಾ. ಒಂದು ದಿನ ಬಾವಿಯ ಹತ್ತಿರ ನಿಂತು ಬಹಳ ಹೊತ್ತು ನೀರು ನೋಡಿದೆ. ಇಷ್ಟೇ ಬರೆಯುತ್ತೇನೆ. ಹೆಚ್ಚು ಕೇಳಬೇಡ. ಈಗ ಆ ಯೋಚನೆ ಇಲ್ಲ.

ಇನ್ನು ಕಲ್ಲಿನ ವಿಷಯ. ಅತ್ತೆಗೆ ಮೊಣಕಾಲು ಬೇನೆ, ಕಾಲು ಮಡಚಿ ಒಲೆಯ ಮುಂದೆ ಕೂಡಲು ಆಗುವುದಿಲ್ಲ. ನಾನು ಮಲಗಿದ ದಿನ ಅವರು ಸೆರಗಿನ ಮರೆಯಲ್ಲಿ ಬುಟ್ಟಿ ಇಟ್ಟುಕೊಂಡು ಬಜಾರಿಗೆ ಹೋಗಿ ಮಾಡಿಟ್ಟ ರೊಟ್ಟಿ ತರುತ್ತಿದ್ದರು. ಆದರೆ ಓಣಿಗೆ ಸಪ್ಪಳ ಬೇಕಲ್ಲ! ಅದಕ್ಕೆ ಅವರು ನೀನು ಕೊಟ್ಟ ಕಲ್ಲನ್ನು ನಾನು ಮಲಗಿದ ಕೋಣೆಯ ಗೋಡೆಗೆ ಒತ್ತಿ ಇಟ್ಟು, ಒಂದು ಮಣೆ ಹಾಕಿಕೊಂಡು ಕಾಲು ಚಾಚಿ ಕುಳಿತು, ಹಿಟ್ಟಿಲ್ಲದ ಬರಿಗಲ್ಲನ್ನು ಎರಡೂ ಅಂಗೈಯಿಂದ ಬಡಿಯುತ್ತಿದ್ದರು. ತಪ್, ತಪ್, ತಪ್. ನಡುನಡುವೆ ರೊಟ್ಟಿ ಹಂಚಿಗೆ ಹಾಕಿದಷ್ಟು ಹೊತ್ತು ಸುಮ್ಮನಿರುವುದು, ಮತ್ತೆ ಬಡಿಯುವುದು. ಓಣಿಯವರು, "ಕಸ್ತೂರೆವ್ವನ ಸೊಸಿ ಏನ್ ಕೆಲಸದಾಕೀವಾ" ಅನ್ನುತ್ತಿದ್ದರಂತೆ.

ಅವರು ನನ್ನ ಹೆಸರು ಕಾಯುತ್ತಿದ್ದರು. ಒಂದೊಂದು ಪೆಟ್ಟೂ ನನ್ನ ತಲೆಬುರುಡೆಯೊಳಗೆ ಬೀಳುತ್ತಿತ್ತು. ಗೋಡೆಯ ಈಚೆ ನಾನು ದಿಂಬು ಕಚ್ಚಿಕೊಂಡು, ಸಾಕು ನಿಲ್ಲಿಸಿರಿ ಅನ್ನಲೂ ಬಾರದೆ, ಎಷ್ಟು ಬೆಳಗು ಬಿದ್ದಿದ್ದೆ ಗೊತ್ತೇ? ಹಾಗೆ ಅಂದಿದ್ದರೆ ತಲೆನೋವು ಎಂದು ಹೇಳಬೇಕಾಗುತ್ತಿತ್ತು. ಹೇಳಬೇಡ ಎಂದು ನೀನು ಹೇಳಿದ್ದೆ.

ದೀಪಾವಳಿ ಮುಗಿದ ವಾರ ತಡೆಯಲಿಲ್ಲ. ನಾನು ಎದ್ದು ಹೋಗಿ, ಕೂದಲು ಕೆದರಿಕೊಂಡು, ನಾನೆಂದೂ ಕೇಳದ ನನ್ನ ದನಿಯಲ್ಲಿ ಕೂಗಿದೆ. "ಬಡೀಬ್ಯಾಡ್ರಿ ಅತ್ತೀ! ಕಲ್ಲ ಬಡೀಬ್ಯಾಡ್ರಿ! ನನ್ನ ತಲಿ ಒಡ್ಯಾಕತ್ತೈತಿ!"

ಓಣಿಯ ಎಲ್ಲ ಮನೆಗಳ ಸಪ್ಪಳವೂ ನಿಂತಿತು. ಶಮ್ಶುನ್ನೀಸಾ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಅತ್ತೆಯನ್ನು ನೋಡಿದರು, ಕಲ್ಲನ್ನು ನೋಡಿದರು. "ಕಸ್ತೂರೆವ್ವಾ, ಹಿಟ್ಟ ಎಲ್ಲೈತ್ರಿ?" ಎಂದು ಕೇಳಿದರು. ಇನ್ನೊಂದು ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅತ್ತೆಯ ಅಂಗೈಗಳು ಕೆಂಪಗೆ ಬಾತಿದ್ದವು. ಅವರು ಮಣೆಯಿಂದ ಏಳಲೇ ಇಲ್ಲ.

"ಯಾವಾಗಿಂದ ಐತಿ?" ಎಂದರು. ದೊಡ್ಡವಳಾದಾಗಿನಿಂದ ಎಂದೆ. "ನಿಮ್ಮವ್ವಗ ಗೊತ್ತೈತಿ?" ಎಂದರು. ನಾನು ಮತ್ತೆ ನೆಲ ನೋಡಿದೆ. ಅವರಿಗೆ ತಿಳಿಯಿತು. ಅವರು ಒದರಿದ್ದು ನನ್ನ ಮೇಲಷ್ಟೇ ಅಲ್ಲ ಅವ್ವಾ, ನಿನ್ನ ಮೇಲೂ. "ತಾಯಿ ಮಗಳು ಕೂಡಿ ನನ್ನ ಕೈಲೆ ನಿನ್ನ ತಲಿ ಬಡಿಸಿದ್ರಲ್ಲ! ನಾ ಏನ್ ರಾಕ್ಷಸಿ ಅದೇನೇನ? ಹೇಳಿದ್ರ ತಿಂತಿದ್ನೇನ ನಿನ್ನ?"

ನಾನೂ ಬಿಡಲಿಲ್ಲ. ಒಮ್ಮೆ ಬಾಯಿ ತೆರೆದಿತ್ತಲ್ಲ. "ಮದಿವಿಗೆ ಮೊದಲ ಹೇಳಿದ್ರ ನನ್ನ ಮಾಡ್ಕೋತಿದ್ರೇನ್ರಿ?" ಎಂದು ಕೇಳಿದೆ. ಅವರು ಕಲ್ಲನ್ನೇ ನೋಡುತ್ತ, "ಇಲ್ಲೇನೋ. ಖರೇ ಹೇಳ್ತೇನಿ, ಬ್ಯಾಡ ಅಂತಿದ್ನೇನೋ" ಎಂದರು.

ಇದನ್ನು ನಾನು ಮುಚ್ಚಿಡದೆ ಬರೆಯುತ್ತಿದ್ದೇನೆ. ನಿನ್ನ ಅಂಜಿಕೆ ಸುಳ್ಳಲ್ಲ. ಆದರೆ ಬೇಡ ಎಂದಿದ್ದರೆ ನಾನು ತಂಗಡಗಿಯಲ್ಲೇ ಇರುತ್ತಿದ್ದೆ. ಹೊಳೆಯ ದಂಡೆಗೆ ಹೋಗಿ ಬಟ್ಟೆ ಒಗೆಯುತ್ತಿದ್ದೆ, ನೋವು ಬಂದಾಗ ನೋವು ಎನ್ನುತ್ತಿದ್ದೆ. ಅದು ಇಷ್ಟು ಕೆಟ್ಟದ್ದಾಗಿತ್ತೇ?

ಮರುದಿನವೇ ಅತ್ತೆ ನನ್ನನ್ನು ವಿಜಯಪುರಕ್ಕೆ ಕರೆದುಕೊಂಡು ಹೋದರು. ಫರಹತ ಎಂಬ ಡಾಕ್ಟರಮ್ಮ. ನೋವು ಎಲ್ಲಿ, ಹೇಗೆ ಎಂದು ಎಲ್ಲ ಕೇಳಿದ ಮೇಲೆ ಅವರು, "ನೋವು ಇಲ್ಲದ ದಿನಾ ಹೆಂಗಿರ್ತೀಯವ್ವಾ?" ಎಂದು ಕೇಳಿದರು. ಇದನ್ನು ನನಗೆ ಯಾರೂ ಕೇಳಿರಲಿಲ್ಲ. ನಾನು ಅಳತೊಡಗಿದೆ. ಅತ್ತೆ ಗಾಬರಿಯಾಗಿ ನನ್ನ ಸೆರಗು ಸರಿ ಮಾಡುತ್ತ ಕುಳಿತರು. ಇದು ಮೈಗ್ರೇನು, ನಾಟಕವಲ್ಲ, ಪಿತ್ತವಲ್ಲ, ಸೋಮಾರಿತನವಲ್ಲ ಎಂದು ಅವರು ಅತ್ತೆಗೂ ಕೇಳುವ ಹಾಗೆ ಹೇಳಿದರು. ಕಂಡಕಂಡಂತೆ ಗುಳಿಗೆ ನುಂಗಿದರೆ ಗುಳಿಗೆಯಿಂದಲೇ ತಲೆನೋವು ಬರುತ್ತದಂತೆ. ನೀನು ಹಬ್ಬಕ್ಕೊಮ್ಮೆ ಪೊಟ್ಟಣ ಕಟ್ಟಿ ಕಳಿಸುತ್ತಿದ್ದೆಯಲ್ಲ, ಅವೇ. ಆಮೇಲೆ ಅವರೊಂದು ಮಾತು ಹೇಳಿದರು. "ನೋವು ಒಂದ ಪಾಲು. ಅದಕ್ಕ ಅಂಜೂದು, ಅದನ್ನ ಮುಚ್ಚಿಡೂದು, ಯಾರೂ ನಂಬೂದಿಲ್ಲಂತ ಒಳಗೊಳಗ ಬೇಯೂದು, ಇವು ಕೂಡಿ ಬಾಳೇ ತಿಂತಾವು. ಗುಳಿಗಿ ನಾ ಕೊಡ್ತೇನಿ. ಉಳಿದದ್ದು ಮನ್ಯಾಗಿನ ಮಂದಿ ಕೊಡಬೇಕು."

ಈಗ ನೋವು ಹೋಗಿಬಿಟ್ಟಿದೆ ಎಂದು ತಿಳಿಯಬೇಡ. ಹೋದ ವಾರವೂ ಬಂದಿತ್ತು. ಆದರೆ ಬಂದಾಗ ಬಂದಿದೆ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಅತ್ತೆ ಕಲ್ಲು ಮುಟ್ಟಲಿಲ್ಲ. ನಲ್ಲಿಯ ಹತ್ತಿರ ಯಾರೋ, "ಸಪ್ಪಳ ಇಲ್ಲಲ್ಲ ಇವತ್ತ?" ಎಂದರೆ, "ನನ್ನ ಸೊಸಿಗೆ ತಲಿನೋವು. ನಿನಗೇನ್ ರೊಟ್ಟಿ ಕಡಿಮಿ ಬಿದ್ದಾವೇನ?" ಎಂದರಂತೆ. ಅದನ್ನು ಶಮ್ಶುನ್ನೀಸಾ ಅಕ್ಕ ಬಂದು ಹೇಳಿದಾಗ ನನಗೆ ಅರ್ಧ ನೋವು ಇಳಿಯಿತು. ನಾಳೆ ಬರುತ್ತದೋ ಎಂದು ಈಗ ಅಷ್ಟು ಎಣಿಸುವುದಿಲ್ಲ. ಹೊಲಿಗೆಗೆ ಮತ್ತೆ ಹೋಗುತ್ತಿದ್ದೇನೆ.

ಡಾಕ್ಟರಮ್ಮ ಇನ್ನೊಂದು ಕೇಳಿದ್ದರು. "ಮನಿತನದಾಗ ಮತ್ತ ಯಾರಿಗೈತಿ? ತಾಯಿಗೆ?" ಇಲ್ಲ ಎಂದೆ. ನಮ್ಮವ್ವ ಗಟ್ಟಿ ಹೆಣ್ಣುಮಗಳು ಎಂದೆ. ತಿರುಗಿ ಬರುವಾಗ ಬಸ್ಸಿನಲ್ಲಿ ನೆನಪಾಯಿತು, ನೀನು ಕಾಳು ಹಸನು ಮಾಡುತ್ತಿದ್ದದ್ದು.

ನಾನು ಸಣ್ಣವಳಿದ್ದಾಗ ನೀನು ಆಗಾಗ ಕಾಳಿನ ಚೀಲ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನನ್ನನ್ನು ಹೊಸ್ತಿಲಲ್ಲಿ ಕೂಡಿಸುತ್ತಿದ್ದೆ. ಅಪ್ಪ ಬಂದು ಕೇಳಿದರೆ, "ಅವ್ವ ಕಾಳ ಹಸನ ಮಾಡಾಕತ್ತಾಳ" ಎಂದು ಹೇಳಲು ಕಲಿಸಿದ್ದೆ. ಆ ಕೋಣೆಗೆ ಕಿಟಕಿ ಇಲ್ಲ. ದೀಪ ಹಚ್ಚುತ್ತಿರಲಿಲ್ಲ. ಕತ್ತಲೆಯಲ್ಲಿ ಯಾರು ಕಾಳು ಹಸನು ಮಾಡುತ್ತಾರೆ ಅವ್ವಾ? ಒಂದು ದಿನ ನಾನು ಬಾಗಿಲು ದೂಡಿ ನೋಡಿದ್ದೆ. ನೀನು ಚೀಲಕ್ಕೆ ತಲೆ ಒತ್ತಿ ಕುಳಿತಿದ್ದೆ. ತೊಡೆಯ ಮೇಲೆ ಮೊರ ಇತ್ತು. ಮೊರದಲ್ಲಿ ಒಂದು ಕಾಳೂ ಇರಲಿಲ್ಲ.

ಬರಿಮೊರ. ನಮ್ಮ ಅತ್ತೆಯದು ಬರಿಗಲ್ಲು.

ನಿನಗೂ ಇತ್ತು. ನಿನಗೆ ಯಾರು ಹೇಳಬೇಡ ಎಂದಿದ್ದರು? ನಿಮ್ಮವ್ವನೇ? ಈಗಲೂ ಬರುತ್ತದೆಯೇ? ಅಪ್ಪನಿಗೆ ಇಷ್ಟು ವರ್ಷ ಗೊತ್ತೇ ಇಲ್ಲವೇ? ಎಷ್ಟು ನೋವು ಎಂದು ನಿನ್ನ ಮೈಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ದಂಡೆ ಮುಡಿಸಿ ದೀಪದ ಕೆಳಗೆ ಕೂಡಿಸಿದೆ. ಇದೇ ನನ್ನನ್ನು ಸುಡುತ್ತಿದೆ. ಗೊತ್ತಿಲ್ಲದವರ ಮೇಲೆ ಇಷ್ಟು ಸಿಟ್ಟು ಬರುವುದಿಲ್ಲ. ಸಿಟ್ಟು ಮಾಡುತ್ತ ಮಾಡುತ್ತಲೇ ಆ ಬರಿಮೊರ ಕಣ್ಣ ಮುಂದೆ ಬರುತ್ತದೆ, ಆಗ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ. ಹಾಗೆಂದು ನಿನ್ನನ್ನು ಬಿಟ್ಟೆನೆಂದು ತಿಳಿಯಬೇಡ.

ಸೋಮವಾರ ಸಿಂದಗಿಯವರು ಬಂದು ಕುಳಿತ ಮೇಲೆ, ಚಹಾ ಕೊಡುವ ಮೊದಲು, ಸುಜಾತಾಗೆ ಈ ಬೇನೆ ಇದೆ, ಔಷಧ ಇದೆ, ಬಂದ ದಿನ ಅವಳನ್ನು ಮಲಗಲು ಬಿಡಬೇಕು ಎಂದು ನೀನೇ ಬಾಯಿಬಿಟ್ಟು ಹೇಳಬೇಕು. ಅವರು ಎದ್ದು ಹೋದರೆ ಹೋಗಲಿ. ನೀನು ಹೇಳದಿದ್ದರೆ ನಾನು ಬರುತ್ತೇನೆ. ಮುಂಜಾನೆಯ ಬಸ್ಸಿಗೆ ಬಂದು ಅವರೆಲ್ಲರ ಎದುರು ನಿಂತು ಹೇಳುತ್ತೇನೆ. ನನಗೆ ನಾಚಿಕೆ, ನಾನು ಮಾತಾಡಲಾರೆ ಎಂದು ನೀನು ಧೈರ್ಯವಾಗಿರಬೇಡ. ನಮ್ಮ ಓಣಿಯವರನ್ನು ಕೇಳು, ನನ್ನ ದನಿ ಎಷ್ಟು ದೂರ ಹೋಗುತ್ತದೆಂದು.

ಶಮ್ಶುನ್ನೀಸಾ ಅಕ್ಕನ ತಮ್ಮ ಆರಿಫ ನಿಂಬೆಹಣ್ಣಿನ ಗಾಡಿ ತೆಗೆದುಕೊಂಡು ಮುದ್ದೇಬಿಹಾಳಕ್ಕೆ ಬರುತ್ತಿದ್ದಾನೆ. ಅಲ್ಲಿಂದ ತಂಗಡಗಿಗೆ ಹೋಗಿ ಈ ಕಾಗದವನ್ನು ಸುಜಾತಾಳ ಕೈಗೇ ಕೊಡು ಎಂದು ಹೇಳಿದ್ದೇನೆ. ಜೊತೆಗಿರುವ ನಿಂಬೆಹಣ್ಣಿನ ಚೀಲ ಅತ್ತೆ ಕಳಿಸಿದ್ದು. ಅವರಿಗೂ ನಿನ್ನ ಮೇಲೆ ಸಿಟ್ಟು ಇಳಿದಿಲ್ಲ, ಆದರೆ ಆರಿಸಿ ಆರಿಸಿ ಒಳ್ಳೆಯ ಹಣ್ಣನ್ನೇ ತುಂಬಿದ್ದಾರೆ.

ಸಿಟ್ಟಿನಲ್ಲಿರುವ, ಆದರೂ ನಿನ್ನ ಹೊಟ್ಟೆಯಲ್ಲೇ ಹುಟ್ಟಿದ,
ಕೋಮಲ

ತಾ.ಕ.: ಸುಜಾತಾ, ಇದು ನಿನಗೆ. ಗಟ್ಟಿಯಾಗಿ ಓದಬೇಡ. ಅವ್ವ ಕೇಳಿದರೆ ಅಕ್ಕ ಎಲ್ಲರಿಗೂ ನಮಸ್ಕಾರ ತಿಳಿಸಿದ್ದಾಳೆ ಎಂದು ಹೇಳು. ನಾನು ಸೋಮವಾರ ಬಂದು ಹೇಳುತ್ತೇನೆ ಎಂದು ಮೇಲೆ ಬರೆದದ್ದು ಬರಿ ಬೆದರಿಕೆ. ನಾನು ಈಗಾಗಲೇ ಹೇಳಿಬಿಟ್ಟಿದ್ದೇನೆ. ನಿನ್ನೆ ನಮ್ಮವರಿಂದ ನಂಬರು ತರಿಸಿಕೊಂಡು ಹುಡುಗನ ತಾಯಿಗೆ ಫೋನು ಮಾಡಿದೆ. ನಿನ್ನನ್ನು ಕೇಳದೆ ಮಾಡಿದೆ, ಸಿಟ್ಟು ಬಂದರೆ ನನಗೂ ಇಂಥದೇ ಒಂದು ಕಾಗದ ಬರಿ. ಆಕೆ ಎಲ್ಲ ಕೇಳಿಸಿಕೊಂಡು ಹೀಗೆ ಅಂದರು: "ಬರ್ತೇವಿ. ಬಂದು ನಾವಾಗಿ ಏನೂ ಕೇಳೂದಿಲ್ಲ. ತಾಯಿ ಇಲ್ಲಾ ಮಗಳು ತಾವ ಹೇಳಿದ್ರ ಊಟಕ್ಕ ಕುಂದರ್ತೇವಿ. ಮುಚ್ಚಿದ್ರ ಚಾ ಕುಡದು ಎದ್ದು ಬರ್ತೇವಿ. ನಾ ತಲಿನೋವಿಗೆ ಅಂಜೂದಿಲ್ಲವ್ವಾ, ಮುಚ್ಚಿಡೂ ಮಂದಿಗೆ ಅಂಜತೇನಿ." ಇದನ್ನು ಅವ್ವನಿಗೆ ಹೇಳಬೇಡ. ಗೊತ್ತಾದರೆ ಅವಳು ಆ ಮಾತಿಗಂಜಿ ಹೇಳುತ್ತಾಳೆ. ಒಮ್ಮೆಯಾದರೂ ಅವಳು ತಾನಾಗಿ ಹೇಳಲಿ. ಅವಳಿಂದ ಆಗದಿದ್ದರೆ ನೀನು ಹೇಳು. ದಂಡೆ ಮುಡಿಯಬೇಡ. ಕಿಟಕಿಯ ಕೌದಿಯನ್ನು ತೆಗೆಯಲು ಬಿಡಬೇಡ. ಅದರ ಮುಂದೆಯೇ ಕುಳಿತು, ತಲೆ ಎತ್ತಿ ಹೇಳು.